ಅಪ್ಪನ ದನಿಗೊಂದು ದಪ್ಪ ತಂತಿ

ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಅತ್ತೆ, ಅಪ್ಪನ ಅಕ್ಕ. ಹನ್ನೆರಡನೆಯ ಕ್ಲಾಸು ಮುಗಿಸಿ ನಾನು ನೈಟ್ ಕಾಲೇಜಿಗೆ ಸೇರುತ್ತೇನೆ ಎಂದ ದಿನ, ಚೆಂಬೂರಿನ ಅವರ ಅಡಿಗೆಮನೆಯಲ್ಲಿ ಕಾವಲಿಗೆ ಎಣ್ಣೆ ಸವರುತ್ತಾ, ನನ್ನ ಮುಖವನ್ನೂ ನೋಡದೆ ಹೇಳಿದ್ದರು:

“ನಮ್ಮ ಕುಟುಂಬಕ್ಕೆ ಬರುವ ಸರ್ಟಿಫಿಕೇಟು ಎರಡೇ ಮಾರಾಯ್ತಿ. ಒಂದು ಹುಟ್ಟಿದ್ದಕ್ಕೆ, ಇನ್ನೊಂದು ಸತ್ತದ್ದಕ್ಕೆ. ನಡುವಿನದ್ದು ನಮಗೆ ಹೇಳಿದ್ದಲ್ಲ.”

ಅಪ್ಪ ಪಕ್ಕದಲ್ಲೇ ಕೂತಿದ್ದ. ಅಕ್ಕನಿಗೆ ಎದುರು ಮಾತಾಡುವವನಲ್ಲ. ದೋಸೆ ತಿಂದ, ಕೈ ತೊಳೆದ, ಹೊರಟ. ಸ್ಟೇಷನ್ನಿನ ಬ್ರಿಜ್ಜು ಹತ್ತುವಾಗ ಮಾತ್ರ, “ನೀನು ಓದು. ಅವಳಿಗೆ ಹೇಳುವ ಅಭ್ಯಾಸ, ಹೇಳ್ತಾಳೆ” ಎಂದ. ಸಾಯಂಕಾಲದ ಗಾಡಿ ಬಂದು ಜನ ನುಗ್ಗುತ್ತಿದ್ದ ಹೊತ್ತು. ಅಷ್ಟು ಗದ್ದಲದಲ್ಲೂ ಬ್ರಿಜ್ಜಿನ ಆ ಕಡೆಯಿಂದ ಬರುತ್ತಿದ್ದವರು ಯಾರೋ ತಿರುಗಿ ನೋಡಿದರು. ಅಪ್ಪನ ದನಿ ಅಂಥದ್ದು.

ಆ ದನಿಯೇ ಅವನ ನೌಕರಿ ಎಂದರೂ ಆದೀತು. ಉಡುಪಿ ಕಡೆಯಿಂದ ಬಂದ ಎಲ್ಲರ ಹಾಗೆ ಅವನೂ ಮಾಟುಂಗದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಶುರು ಮಾಡಿ ಸಪ್ಲಾಯರ್ ಆದವನು. ಆಗೆಲ್ಲ ಆರ್ಡರಿಗೆ ಮಶೀನು ಇರಲಿಲ್ಲ. ಟೇಬಲಿನ ಹತ್ತಿರ ನಿಂತು ಗಿರಾಕಿ ಹೇಳಿದ್ದನ್ನು ತಗ್ಗಿದ ದನಿಯಲ್ಲಿ ಒಮ್ಮೆ ಹೇಳಿ ಖಾತ್ರಿ ಮಾಡಿಕೊಳ್ಳುವುದು, ಆಮೇಲೆ ಅಡಿಗೆಮನೆಯ ಕಿಟಕಿಯ ಕಡೆ ನಡೆಯುತ್ತಾ ಅದನ್ನೇ ಏರಿಸುತ್ತಾ ಹೋಗುವುದು. “ದೋ ಇಡ್ಲಿ, ಏಕ್ ವಡಾ, ಸಾಂಬಾರ್ ಅಲಗ್, ಏಕ್ ಸಾದಾ ಕಡಕ್…” ಗರಿಗರಿ ಸಾದಾ ದೋಸೆಯ ಆ ಕಡಕ್ ಎನ್ನುವ ಹೊತ್ತಿಗೆ ದನಿ ತಲೆ ಮೇಲಿನ ಮಾಡು ಮುಟ್ಟಬೇಕು. ಒಳಗೆ ಒಲೆಯ ಭೋರ್ ಸದ್ದು, ಪಾತ್ರೆಯ ಸದ್ದು. ತಗ್ಗಿನ ದನಿ ಅಲ್ಲಿಗೆ ಹೋಗುವುದೇ ಇಲ್ಲ. ಅಪ್ಪ ಕೂಗಿದರೆ ದೋಸೆಭಟ್ಟರು ತಲೆ ಎತ್ತದೆ ಹಿಟ್ಟು ಸುರಿಯುತ್ತಿದ್ದರಂತೆ. ಶನಿವಾರ ಭಜನೆಗೂ ಅವನೇ ಬೇಕು. ಹಾರ್ಮೋನಿಯಂನವರು ಬೇರೆಯವರಿಗಿಂತ ಅವನಿಗೆ ಶ್ರುತಿ ಒಂದು ಮನೆ ಮೇಲೆ ಇಡುತ್ತಿದ್ದರು.

ನಾನು ಬಿ.ಎ. ಮಾಡಿದೆ. ಹಗಲು ಕೊರಿಯರ್ ಆಫೀಸಿನಲ್ಲಿ ಕೆಲಸ, ಸಂಜೆ ಕಾಲೇಜು, ಇಂಗ್ಲಿಷಿನಲ್ಲಿ ಡುಮ್ಕಿ, ಮತ್ತೆ ಡುಮ್ಕಿ, ಆಮೇಲೆ ಪಾಸು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿಗೆ ಇದು ಸಣ್ಣದಲ್ಲ, ನಾಚಿಕೆ ಇಲ್ಲದೆ ಹೇಳುತ್ತೇನೆ. ನಮ್ಮ ಕುಟುಂಬದಲ್ಲಿ ಹಿಂದೆ ಯಾರೂ ಮಾಡಿದ್ದಿಲ್ಲ. ಆದರೆ ಆ ಸರ್ಟಿಫಿಕೇಟು ನನಗೆ ಸಿಕ್ಕಿದ್ದು ಒಂದು ಕಿಟಕಿಯಿಂದ. ಒಳಗಿನ ಮನುಷ್ಯನ ಕೈ ಮಾತ್ರ ಕಂಡಿತು. ಅಪ್ಪ ಡ್ಯೂಟಿ ಮುಗಿಸಿ ಬಂದು, ಸಾಬೂನು ಹಾಕಿ ಕೈ ತೊಳೆದು, ಒರೆಸಿಕೊಂಡು ಅದನ್ನು ಹಿಡಿದ.

“ಯಾರು ಕೊಟ್ಟದ್ದು?”

“ಕಿಟಕಿಯಲ್ಲಿ ಕೊಟ್ಟರು.”

“ಸ್ಟೇಜ್ ಮೇಲೆ ಕೊಡುದಿಲ್ವಾ?”

ಅವನಿಗೆ ಒಂದು ಸ್ಟೇಜು ಬೇಕಿತ್ತು ಎಂದು ನನಗೆ ಅವತ್ತೇ ಗೊತ್ತಾಯಿತು. ಅತ್ತೆಗೂ ಗೊತ್ತಾಯಿತು. “ಕಿಟಕಿಯಲ್ಲಿ ಕೊಟ್ಟರೆ ರೇಷನ್ ಕಾರ್ಡಿಗೂ ಅದಕ್ಕೂ ಎಂಥ ಫರಕು?” ಎಂದರು.

ಆಮೇಲೆ ಅಮ್ಮ ಹೋದಳು. ಅಪ್ಪ ರಿಟೈರ್ ಆದ. ವಡಾಲದ ನಮ್ಮ ಮನೆಯಲ್ಲಿ ಉಳಿದದ್ದು ಅವನು, ನಾನು. ನಾನು ಮದುವೆಯಾಗಲಿಲ್ಲ. ಅದರ ಬಗ್ಗೆ ಅತ್ತೆ ಹೇಳಿದ್ದನ್ನೆಲ್ಲ ಬರೆದರೆ ಬೇರೆಯೇ ಪುಸ್ತಕವಾದೀತು.

ಕೊರಿಯರ್ ಕೆಲಸ ಬಿಟ್ಟು ಮುಲುಂಡಿನ ಒಂದು ಬಾಲವಾಡಿಗೆ ಅಸಿಸ್ಟೆಂಟ್ ಟೀಚರಾಗಿ ಸೇರಿದೆ. ಸ್ವಂತ ಕ್ಲಾಸು ಬೇಕಾದರೆ ಪುಟ್ಟ ಮಕ್ಕಳಿಗೆ ಕಲಿಸುವ ಡಿಪ್ಲೊಮಾ ಬೇಕು ಎಂದರು. ಚೆಂಬೂರಿನಲ್ಲಿ ಶನಿವಾರ ಭಾನುವಾರ ಅದರ ಕ್ಲಾಸು ನಡೆಯುತ್ತಿತ್ತು, ಸೇರಿದೆ. ಅದರಲ್ಲಿ ಒಂದು ವಾದ್ಯದ ಪ್ರಾಕ್ಟಿಕಲ್ ಇತ್ತು: ಹಾರ್ಮೋನಿಯಂ, ಕೀಬೋರ್ಡು, ಯುಕುಲೆಲೆ, ಯಾವುದಾದರೂ ಒಂದು. ಹಾರ್ಮೋನಿಯಂ ಹೊತ್ತುಕೊಂಡು ಕುರ್ಲಾದಲ್ಲಿ ಗಾಡಿ ಬದಲಿಸಿ ಜೀವಂತ ಉಳಿದವರನ್ನು ನಾನು ನೋಡಿಲ್ಲ. ಯುಕುಲೆಲೆ ತಗೊಂಡೆ. ಗಿಟಾರಿನ ಮರಿಯ ಹಾಗೆ ಇರುತ್ತದೆ, ನಾಲ್ಕೇ ತಂತಿ, ಎದೆಗೆ ಅವಚಿಕೊಂಡರೆ ಲೇಡೀಸ್ ಡಬ್ಬದಲ್ಲಿ ಕೂಸು ಎಂದು ತಿಳಿದು ಜಾಗ ಬಿಡುವವರೂ ಇದ್ದಾರೆ.

ನಾನು ಅದನ್ನು ಮನೆಗೆ ತಂದ ತಿಂಗಳೇ ಅಪ್ಪನ ಕತ್ತಿನ ಗೆಡ್ಡೆಗೆ ಆಪರೇಷನ್ ಆಯಿತು. ಥೈರಾಯ್ಡ್. ಡಾಕ್ಟರು ಮೊದಲೇ ಹೇಳಿದ್ದರು, ದನಿಯ ನರ ಅದರ ಬೆನ್ನಿಗೇ ಅಂಟಿಕೊಂಡಿದೆ, ಏನಾಗುತ್ತದೆ ಎಂದು ಹೇಳಲಾಗದು ಎಂದು. ಗೆಡ್ಡೆ ಹೋಯಿತು, ಅಪ್ಪ ಉಳಿದ. ದನಿ ಹೋಯಿತು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಗಾಳಿಯೊಳಗೆ ಎಲ್ಲೋ ಒಂದು ಚೂರು ಸದ್ದು.

“ಗಂಟಲಲ್ಲಿ ಎರಡು ಪಟ್ಟಿ ಇರ್ತವೆ, ಒಂದು ಅಲುಗಾಡ್ತಾ ಇಲ್ಲ,” ಎಂದರು ಡಾಕ್ಟರು. “ವರ್ಷದೊಳಗೆ ಎಷ್ಟು ವಾಪಸ್ ಬಂತೋ ಅಷ್ಟೇ. ದಿನಾ ದನಿ ತೆಗೆಸಿ. ಕೂಗುವುದು ಬೇಡ, ಏರು ಬೇಡ. ತಗ್ಗಿನಲ್ಲಿ, ಆರಾಮಾಗಿ ಗುನುಗಲಿ. ಸುಮ್ಮನೆ ಕೂತರೆ ಇರುವ ಚೂರೂ ಹೋದೀತು.”

ಅಪ್ಪ ಸುಮ್ಮನೆ ಕೂತ.

ದನಿಯ ಕಸರತ್ತು ಹೇಳಿಕೊಡುವ ಹುಡುಗಿ ಒಬ್ಬಳಿದ್ದಳು ಆಸ್ಪತ್ರೆಯಲ್ಲಿ. ಗ್ಲಾಸಿನಲ್ಲಿ ನೀರು ಹಾಕಿ, ಅದರಲ್ಲಿ ಸ್ಟ್ರಾ ಇಟ್ಟು, ಗುಳುಗುಳು ಊದುತ್ತಾ ಹ್ಞೂಂ ಅನ್ನಬೇಕು. ನಾನು ಬೆಳಿಗ್ಗೆ ಎದ್ದು ಗ್ಲಾಸು ತುಂಬಿಸಿ ಇಡುವುದು, ಸಂಜೆ ಬಂದು ನೋಡಿದರೆ ಗ್ಲಾಸು ತೊಳೆದು ಬೋರಲು ಹಾಕಿರುವುದು. ಬೈದೆ, ಬೇಡಿಕೊಂಡೆ, ಒಂದು ದಿನ ಅತ್ತೂಬಿಟ್ಟೆ. ಅವನು ನನ್ನ ತಲೆ ಸವರಿ ಚಾ ಮಾಡಲು ಎದ್ದ. ಮಾತಿಗೆ ಬದಲು ಹೋಟೆಲಿನ ಕೈಸನ್ನೆ ಶುರುಮಾಡಿದ್ದ. ಅಂಗೈ ಅಡ್ಡ ಆಡಿಸಿದರೆ ಬೇಡ, ಎರಡು ಬೆರಳು ಮಡಚಿ ತೋರಿಸಿದರೆ ಅರ್ಧ ಗ್ಲಾಸು ಚಾ, ಇಲ್ಲದ ಗಲ್ಲಾಪೆಟ್ಟಿಗೆಯ ಕಡೆ ಬೊಟ್ಟು ಮಾಡಿದರೆ ಆಯಿತು, ಬಿಲ್ಲು ಕೊಡು, ಮಾತು ಮುಗಿಯಿತು ಎಂದು. ಎಲ್ಲದಕ್ಕೂ ಒಂದು ಸನ್ನೆ ಇತ್ತು. ದನಿ ಬೇಕು ಎನ್ನುವುದಕ್ಕೆ ಮಾತ್ರ ಇರಲಿಲ್ಲ.

ಆಪರೇಷನ್ನಿನ ಓಡಾಟದಲ್ಲಿ ತಿಂಗಳುಗಟ್ಟಲೆ ಚೀಲದಲ್ಲೇ ಇದ್ದ ನನ್ನ ಯುಕುಲೆಲೆಗೆ ಅವನು ಮೊದಲು ಗಮನ ಕೊಟ್ಟಿದ್ದು ಅದರಲ್ಲಿ ತಪ್ಪು ಹುಡುಕಲಿಕ್ಕೆ.

ನಾನು ಕಿಟಕಿಯ ಹತ್ತಿರ ಕೂತು ತಂತಿಗಳನ್ನು ಒಂದೊಂದಾಗಿ ಮೀಟುತ್ತಿದ್ದೆ. ಯುಕುಲೆಲೆಯ ತಂತಿ ಹಾರ್ಮೋನಿಯಂ ಮನೆಗಳ ಹಾಗೆ ತಗ್ಗಿನಿಂದ ಏರಿಗೆ ಸಾಲಾಗಿ ಹೋಗುವುದಿಲ್ಲ. ಹಿಡಿದಾಗ ಎಲ್ಲಕ್ಕಿಂತ ಮೇಲೆ, ನಮ್ಮ ಗಲ್ಲದ ಕಡೆ ಬರುವ ತಂತಿಯೇ ತೆಳು; ಅದರ ದನಿ ಏರು. ಅದರ ಕೆಳಗಿನದು ತಗ್ಗು, ಅಲ್ಲಿಂದ ಮತ್ತೆ ಏರು. ಅಪ್ಪ ಬೀನ್ಸ್ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಎದ್ದು ಬಂದು ಆ ಮೇಲಿನ ತಂತಿ ತೋರಿಸಿ ಅಂಗೈ ಅಡ್ಡ ಆಡಿಸಿದ. ಆಮೇಲೆ ಎಡಗೈ ಚಾಚಿ ಅದರ ಮೇಲೆ ಪ್ಲೇಟು ಜೋಡಿಸುವ ಹಾಗೆ ಮಾಡಿದ. ಭಾರದ ಪ್ಲೇಟು ಮೊಣಕೈ ಕಡೆ, ಹಗುರದ್ದು ಬೆರಳ ಕಡೆ. ಅದು ಬಿಟ್ಟು ಹಗುರದ್ದನ್ನು ಮೊಣಕೈಗೆ ಇಟ್ಟವನು ಯಾವನು ಎಂದು ಅವನ ಮುಖ ಕೇಳುತ್ತಿತ್ತು.

ನನಗೂ ಹೌದೆನಿಸಿತು. ಭಜನೆಯ ಮನೆಯಲ್ಲಿ ಹುಟ್ಟಿದ ಯಾರಿಗೂ ಹೌದೆನಿಸುತ್ತಿತ್ತು. ಅಂಗಡಿಯವನು ತಪ್ಪು ತಂತಿ ಹಾಕಿದ್ದಾನೆ ಎಂದುಕೊಂಡು ಅಪ್ಪ, ಮಗಳು ಇಬ್ಬರೂ ಸೇರಿ ತಂತಿ ಬಿಗಿಯುವ ಕಿವಿ ತಿರುಗಿಸಿ ಅದನ್ನು ಸಡಿಲ ಮಾಡುತ್ತಾ ಹೋದೆವು. ಏರಿನ ದನಿ ಪೂರ್ತಿ ತಗ್ಗಿಗೆ ಇಳಿಯುವ ಹೊತ್ತಿಗೆ ತಂತಿ ಒದ್ದೆ ಬಟ್ಟೆ ಹಾಕಿದ ಹಗ್ಗದ ಹಾಗೆ ಜೋತಿತ್ತು. ಮೀಟಿದರೆ ಡಬ್ ಡಬ್. ಅಪ್ಪನಿಗೆ ನಗು ಬಂತು. ನಗುವಿನಲ್ಲಿ ದನಿ ಇರಲಿಲ್ಲ, ಹೆಗಲು ಮಾತ್ರ ಕುಲುಕಿತು. ಆದರೂ ನಕ್ಕ. ಆಪರೇಷನ್ ಆದ ಮೇಲೆ ಅದೇ ಮೊದಲು.

ದಾದರಿನ ವಾದ್ಯದ ಅಂಗಡಿಗೆ ಹೋಗಿ ಜಗಳವಾಡುವ ತಯಾರಿಯಲ್ಲೇ ಹೋದೆ. ಅಂಗಡಿಯವನು ವಯಸ್ಸಾದ ಮರಾಠಿ ಮನುಷ್ಯ, ನನ್ನ ಜೋಲುತಂತಿ ನೋಡಿ ಕಣ್ಣು ಮುಚ್ಚಿಕೊಂಡ.

“ತಪ್ಪು ಅಲ್ಲ ಮ್ಯಾಡಮ್, ಅದು ಇರುವುದೇ ಹಾಗೆ. ಹೈ ಅಂತಾರೆ. ಖುಲ್ ಖುಲ್ ಅಂತ ನಗ್ತದೆ, ಮಕ್ಕಳ ಹಾಡಿಗೆ ಮಜಾ. ತಗ್ಗು ಬೇಕಂದ್ರೆ ಬೇರೆ ದಪ್ಪ ತಂತಿ ಬರ್ತದೆ, ಲೋ. ಅದು ಗಿಟಾರಿನ ಹಾಗೆ, ಗಂಭೀರ. ನಿಮಗೆ ಯಾವುದು?”

ಮಕ್ಕಳಿಗೆ ಎಂದರೆ ಹೈ ಎನ್ನಬೇಕಿತ್ತು. ನಾನು ಎರಡೂ ಕೊಡಿ ಎಂದೆ.

ಅವತ್ತು ಸಂಜೆ ಲೋ ತಂತಿ ಹಾಕಿಕೊಂಡು ಕೂತೆ, ಅಪ್ಪನ ಲೆಕ್ಕ ಸರಿಯಿತ್ತು ಎಂದು ತೋರಿಸಲಿಕ್ಕೆ, ಅಷ್ಟೇ. ದಪ್ಪ ತಂತಿ, ವಾದ್ಯದ ತಲೆಯ ಹತ್ತಿರ ಅದು ಕೂರಬೇಕಾದ ಸಣ್ಣ ಗೀರಿನಲ್ಲಿ ಸರಿಯಾಗಿ ಕೂರದೆ ಮೇಲಕ್ಕೆದ್ದು ನಿಂತಿತ್ತು, ಒತ್ತಿದರೆ ಬೆರಳು ಉರಿ. ಪ್ರಾಕ್ಟಿಕಲ್‌ಗೆ ಮಕ್ಕಳಿಂದ ಹಾಡಿಸುವ ಒಂದು ಹಾಡನ್ನು ನಾವೇ ಕಟ್ಟಬೇಕಿತ್ತು. ನಾನು ಬೇರೆ ಏನೂ ಹೊಳೆಯದೆ ಅಪ್ಪನ ಆರ್ಡರನ್ನೇ ಹಾಡು ಮಾಡಿದ್ದೆ. ದೋ ಇಡ್ಲಿ, ಏಕ್ ವಡಾ, ಸಾಂಬಾರ್ ಅಲಗ್. ಹಾಡಿದೆ. ಅಪ್ಪ ಬೀನ್ಸ್ ಬುಟ್ಟಿ ಪಕ್ಕಕ್ಕಿಟ್ಟ. ಅಂಗೈ ಅಡ್ಡ ಆಡಿಸಿದ. ನಾನು ಶುರುವಿನಲ್ಲೇ ಏರು ಹಿಡಿದಿದ್ದೆ, ಅದು ತಪ್ಪು. ಟೇಬಲಿನ ಹತ್ತಿರ ತಗ್ಗಿನಲ್ಲಿ ಹೇಳಬೇಕು, ಗಿರಾಕಿಗೆ ಮಾತ್ರ ಕೇಳಬೇಕು.

ಸನ್ನೆಯಲ್ಲಿ ಅದನ್ನು ತೋರಿಸಲು ನೋಡಿದ. ನನಗೆ ತಿಳಿಯಲಿಲ್ಲ. ಮತ್ತೆ ತೋರಿಸಿದ. ನಾನು ಮತ್ತೆ ತಪ್ಪು ಹಾಡಿದೆ. ಆಗ ಅವನು, ಕೆಲಸ ಕಲಿಯದ ಹೊಸ ಸಪ್ಲಾಯರನ ಎದುರು ರೇಗುವ ಹಾಗೆ ರೇಗಿ, ತಂತಿಯ ಮೇಲೆ ನನ್ನ ಹೆಬ್ಬೆರಳನ್ನು ತಾನೇ ಒತ್ತಿ ಮೀಟಿಸಿ, ಅದರ ಜೊತೆಗೆ “ಹ್ಞೂಂ…” ಎಂದ.

ಒಡಕು ದನಿ. ಗಾಳಿಯೇ ಹೆಚ್ಚು. ಆದರೆ ಆ ದಪ್ಪ ತಂತಿಯ ದನಿಯ ಮೇಲೆ ಅದು ಕೂತಿತು, ಅಲ್ಲೇ ನಿಂತಿತು. ನಾನು ಖುಷಿ ತೋರಿಸಿದರೆ ಕೆಟ್ಟಿತು ಎಂದು ಹೇಗೋ ತಿಳಿಯಿತು. “ಹೀಗಾ?” ಎಂದು ಬೇಕೆಂದೇ ತಪ್ಪು ಹಾಡಿದೆ. “ಹ್ಞೂಂ…” ಎಂದು ಅವನು ಮತ್ತೆ ತಿದ್ದಿದ.

ಹಾಗೆ ಸುಮಾರು ಒಂದು ತಿಂಗಳು ನಡೆಯಿತು. ಸಂಜೆ ಬಂದು ಚಾ ಕುಡಿದು ನಾನು ತಪ್ಪು ಹಾಡುವುದು, ಅವನು ತಿದ್ದುವುದು. ಸ್ಟ್ರಾ ಊದು ಎಂದರೆ ಊದದವನು ಮಗಳ ಪರೀಕ್ಷೆಗೆ ದಿನಾ ಗುನುಗಿದ. ಹ್ಞೂಂ ಇದ್ದದ್ದು “ದೋ ಇಡ್ಲಿ” ಎಂಬಷ್ಟಾಯಿತು, ಪಿಸುಮಾತಿಗಿಂತ ಒಂದು ಹಿಡಿ ಹೆಚ್ಚು. ಒಮ್ಮೆ ನಾನು ಲೋ ತೆಗೆದು ಹೈ ತಂತಿ ಹಾಕಿ ನೋಡಿದೆ. ಅದರ ಏರಿನ ದನಿ ಕೇಳಿದ್ದೇ ತಡ ಅವನು ಹಳೆಯ ಅಭ್ಯಾಸದಲ್ಲಿ ಅದನ್ನು ಮುಟ್ಟಲು ಹೋದ. ಗಂಟಲು ಉಬ್ಬಿತು, ಕೆಮ್ಮು ಬಂತು, ಕಣ್ಣಲ್ಲಿ ನೀರು. ಎದ್ದು ಹೋಗಿ ಬಾಗಿಲ ಹತ್ತಿರ ಬೆನ್ನು ಹಾಕಿ ನಿಂತ. ಮರುದಿನ ನಾನು ಲೋ ಹಾಕಿದೆ. ಹೊಸದಾಗಿ ಹಾಕಿದ ತಂತಿ ಒಂದು ವಾರ ಎಳೆದುಕೊಳ್ಳುತ್ತಲೇ ಇರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಆ ವಾರ ಇಬ್ಬರೂ ನಡುಗುತ್ತಲೇ ಹಾಡಿದೆವು.

ಚೆಂಬೂರಿನ ಕ್ಲಾಸಿನಲ್ಲಿ ಯುಕುಲೆಲೆ ಕಲಿಸುವ ಸರ್ ನನಗಿಂತ ಬಹಳ ಚಿಕ್ಕ ಹುಡುಗ. ನನ್ನ ತಂತಿ ಕೇಳಿ ಹುಬ್ಬೇರಿಸಿದ.

“ದೀದೀ, ಯೇ ಲೋ ಕ್ಯೂಂ? ಮಕ್ಕಳ ದನಿ ಎಲ್ಲಿರ್ತದೆ, ನಿಮ್ಮ ತಂತಿ ಎಲ್ಲಿದೆ? ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ಹೈ. ಮಾರ್ಕು ಹೋಗ್ತದೆ.”

ಅವನು ಹೇಳಿದ್ದು ನಿಜ ಎಂದು ಮುಲುಂಡಿನ ಮಕ್ಕಳು ತೋರಿಸಿಕೊಟ್ಟರು. ದಪ್ಪ ತಂತಿ ಮೀಟಿದ್ದೇ ಅವರೆಲ್ಲ ಅದರ ಹಿಂದೆ ತಗ್ಗಿಗೆ ಇಳಿದು, ಗಲ್ಲವನ್ನು ಎದೆಗೆ ಒತ್ತಿ, ಲಾರಿ ಸ್ಟಾರ್ಟ್ ಆದ ಹಾಗೆ ಗುರ್ರೆಂದರು. ಒಬ್ಬಳು ಹುಡುಗಿ ಅಳುತ್ತಾ ಬಂದು, “ಟೀಚರ್, ಭೂತ್ ಕಾ ಇಡ್ಲಿ ನಹೀ ಚಾಹಿಯೇ” ಎಂದಳು. ಭೂತದ ಇಡ್ಲಿ ಯಾರಿಗೆ ಬೇಕು? ಅಲ್ಲಿ ಹೈ ಬೇಕು, ಮನೆಯಲ್ಲಿ ಲೋ ಬೇಕು. ಒಂದೇ ವಾದ್ಯ, ಒಂದೇ ಗೀರು.

“ಇನ್ನೊಂದು ತಗೊಳ್ಳಿ ನಾ ದೀದೀ,” ಎಂದ ಸರ್. ಎಷ್ಟು ಸುಲಭದ ಮಾತು. ನನಗೇ ಯಾಕೆ ಹೊಳೆಯಲಿಲ್ಲ ಎನಿಸಿತು. ದಾದರಿಗೆ ಹೋಗಿ ಇನ್ನೊಂದು ತಂದೆ. ಹಳೆಯದಕ್ಕೆ ಪರೀಕ್ಷೆಯ ಹೈ ತಂತಿ. ಹೊಸದಕ್ಕೆ ಲೋ ಹಾಕಿಸಿ, ಮನೆಗೆ ಬಂದು ಅಪ್ಪನ ಮಂಚದ ಮೇಲಿಟ್ಟೆ. “ಅಪ್ಪಾ, ಇದು ನಿನ್ನದು. ನಿನ್ನ ದನಿಗೆ ಅಂತ.”

ಅವನು ಹೊಸದನ್ನು ನೋಡಿದ, ಹಳೆಯದನ್ನು ನೋಡಿದ. ಅಷ್ಟು ದಿನ ತಾನು ನನಗೆ ಕಲಿಸುತ್ತಿದ್ದೇನೆ ಎಂದುಕೊಂಡಿದ್ದವನಿಗೆ ಎಲ್ಲ ಒಂದೇ ಗಳಿಗೆಯಲ್ಲಿ ತಿಳಿಯಿತು. ಬೈಯಲಿಲ್ಲ. ಹೊಸ ಯುಕುಲೆಲೆಯನ್ನು ಎರಡೂ ಕೈಯಲ್ಲಿ ಎತ್ತಿ ತಗೊಂಡು ಹೋಗಿ, ಬೋರಲು ಹಾಕಿದ ಗ್ಲಾಸು ಮತ್ತು ಸ್ಟ್ರಾ ಇರುವ ಕಪಾಟಿನಲ್ಲಿ ಇಟ್ಟು ಬಾಗಿಲು ಮುಚ್ಚಿದ. ಇಲ್ಲದ ಗಲ್ಲಾಪೆಟ್ಟಿಗೆಯ ಕಡೆ ಬೊಟ್ಟು ಮಾಡಿದ.

ಮರುದಿನ ನಾನು ಹಳೆಯದನ್ನು ಹಿಡಿದು ತಪ್ಪು ಹಾಡಿದೆ. ಅವನು ಬೀನ್ಸ್ ಮುರಿದ. ಅದರ ಮರುದಿನವೂ ಹಾಗೆಯೇ. ಆ ಹೊತ್ತಿಗೆ ಡಾಕ್ಟರು ಹೇಳಿದ ವರ್ಷದಲ್ಲಿ ಉಳಿದದ್ದು ಸ್ವಲ್ಪವೇ.

ಅತ್ತೆ ಮೀನು ಹಿಡಿದುಕೊಂಡು ಬಂದಾಗ ಅವರ ಮುಂದೆ ಎಲ್ಲ ಹೇಳಿದೆ. ಬೇರೆ ಯಾರಿದ್ದರು ಹೇಳಲಿಕ್ಕೆ? ಅಪ್ಪ ಕೆಳಗೆ ಹಾಲು ತರಲು ಹೋಗಿದ್ದ. ಅತ್ತೆ ಬಂಗುಡೆ ತೊಳೆಯುತ್ತಾ ಕೇಳಿಸಿಕೊಂಡರು.

“ನೀನು ಅಷ್ಟು ಓದಿದ್ದಿ. ಅವನ ಬಗ್ಗೆ ಎಂಥ ಗೊತ್ತುಂಟು ನಿನಗೆ?”

“ನಾನೇನು ಮಾಡಿದೆ ಅತ್ತೆ? ಅವನಿಗೆ ಒಳ್ಳೆದಾಗಲಿ ಅಂತ—”

“ಅವನಿಗೆ ಅಂತ ಬೇರೆ ಪ್ಲೇಟು ಹಾಕಿದರೆ ಅವನು ತಿನ್ನುವ ಜನವಾ? ಹೋಟೆಲಿನಲ್ಲಿ ಎಲ್ಲರದ್ದೂ ಆಗಿ ಉಳಿದದ್ದು ತಿಂದು ಬಂದವ. ಜ್ವರ ಬಂದರೆ ಗಂಜಿ ಮಾಡಬೇಡಿ, ಅನ್ನದ ತಿಳಿ ಸಾಕು ಅಂತಿದ್ದ. ನಿನಗೆ ಅಂತ ಅಂದರೆ ಊದುತ್ತಾನೆ, ಕುಣಿಯುತ್ತಾನೆ. ತನಗೆ ಅಂದರೆ ಬಾಯಿ ಬಿಡುದಿಲ್ಲ.”

“ಈಗ ಏನು ಮಾಡಲಿ?”

“ನನಗೆ ಹೇಗೆ ಗೊತ್ತು? ನಾನು ಓದಿದವಳಾ?” ಎಂದು ಅತ್ತೆ ಬಂಗುಡೆಗೆ ಉಪ್ಪು ಹಚ್ಚಿದರು.

ಏನು ಮಾಡಲಿ ಎಂದು ನಾನು ಗಾಡಿಯಲ್ಲಿ ಹೋಗುತ್ತಾ, ಗಾಡಿಯಲ್ಲಿ ಬರುತ್ತಾ ಯೋಚಿಸಿದೆ. ಹೈ ಇಟ್ಟರೆ ಮಾರ್ಕು, ಮಕ್ಕಳ ಹಾಡು, ಸರ್ ಹೇಳಿದ್ದು ಸರಿ. ಲೋ ಇಟ್ಟರೆ ಅಪ್ಪ ಮತ್ತೆ ಹಾಡುತ್ತಾನೆ ಎನ್ನುವ ಖಾತ್ರಿಯೂ ಇಲ್ಲ. ಮುನಿದವನು ಮುನಿದೇ ಇರಬಹುದು. ಒಂದು ಕಡೆ ಖಂಡಿತ ಸಿಗುವುದು, ಇನ್ನೊಂದು ಕಡೆ ಸಿಗದೇ ಇರುವ ಸಾಧ್ಯತೆಯೇ ಹೆಚ್ಚು ಇರುವುದು. ಬಿ.ಎ. ಓದಿದರೆ ಇಂಥದಕ್ಕೆ ಉತ್ತರ ಸಿಗುತ್ತದೆ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ.

ಕೊನೆಗೆ ಹೊಸ ಯುಕುಲೆಲೆಯನ್ನು ಕಪಾಟಿನಿಂದ ತೆಗೆದು, ಅದಕ್ಕೆ ಹೈ ತಂತಿ ಹಾಕಿ ಬಾಲವಾಡಿಗೆ ಕೊಟ್ಟುಬಿಟ್ಟೆ, ಮಕ್ಕಳು ಅಲ್ಲಿ ಖುಲ್ ಖುಲ್ ಎಂದು ಹಾಡಿಕೊಳ್ಳಲಿ ಎಂದು. ಹಳೆಯದನ್ನು ಹಿಡಿದು ದಾದರಿಗೆ ಹೋದೆ. ದಪ್ಪ ತಂತಿ ಸರಿಯಾಗಿ ಕೂರುವ ಹಾಗೆ ಗೀರು ದೊಡ್ಡದು ಮಾಡಿಕೊಡಿ ಎಂದೆ. ಅಂಗಡಿಯವನು ಉಜ್ಜುವ ಸಣ್ಣ ಅರ ಕೈಗೆ ತಗೊಂಡು ತಡೆದ.

“ಯೋಚನೆ ಮಾಡಿದ್ದೀರಾ ಮ್ಯಾಡಮ್? ಒಮ್ಮೆ ಉಜ್ಜಿದರೆ ಆಯ್ತು. ಆಮೇಲೆ ತೆಳು ತಂತಿ ಹಾಕಿದರೆ ಅಲ್ಲಿ ಸಡಿಲಾಗಿ ಜುಯ್ ಅಂತದೆ.”

“ಮಾಡಿದ್ದೇನೆ” ಎಂದೆ. ಸುಳ್ಳು. ಯೋಚನೆ ಮುಗಿದಿರಲಿಲ್ಲ, ನಾನು ಮುಗಿದಿದ್ದೆ. ಬಿಳಿ ಪುಡಿ ಕೌಂಟರಿನ ಗಾಜಿನ ಮೇಲೆ ಉದುರಿತು. ಅವನು ಊದಿ ಹಾರಿಸಿದ.

ಮನೆಗೆ ಬಂದು ಅಪ್ಪನಿಗೆ, “ಪರೀಕ್ಷೆಗೆ ಇದರಲ್ಲೇ ಬಾರಿಸುದು. ಬೇರೆ ಇಲ್ಲ. ಕೊಟ್ಟುಬಿಟ್ಟೆ” ಎಂದೆ. ಅವನು ಕಪಾಟು ತೆಗೆದು ನೋಡಿದ. ಗ್ಲಾಸು ಇತ್ತು, ಸ್ಟ್ರಾ ಇತ್ತು. ನಾನು ತಪ್ಪು ಹಾಡಿದೆ. ಅವನು ಅಂಗೈ ಕೂಡ ಆಡಿಸಲಿಲ್ಲ. ಒಂದು ವಾರ ಹಾಗೇ ಹೋಯಿತು. ತಪ್ಪು ಹಾಡಿ ಹಾಡಿ ಸರಿ ಯಾವುದು ಎಂದು ನನಗೇ ಮರೆಯುವ ಹಾಗಾಯಿತು, ಮತ್ತು ಒಂದು ಸಂಜೆ ನಿಜವಾಗಿಯೂ ಮರೆತು ನಡುವೆ ನಿಂತುಬಿಟ್ಟೆ. “ಸಾಂಬಾರ್ ಅಲಗ್” ಆದ ಮೇಲೆ ಏನು? ಕೈ ನಿಂತಿತು, ಬಾಯಿ ನಿಂತಿತು, ಪರೀಕ್ಷೆ ಹತ್ತಿರ ಬಂದಿತ್ತು, ಅಳು ಬಂತು.

“ಏಕ್… ಸಾದಾ…” ಎಂದ ಅಪ್ಪ, ಬೀನ್ಸಿನಿಂದ ತಲೆ ಎತ್ತದೆ.

ಅಷ್ಟೇ. ದಿನಕ್ಕೆ ಅಷ್ಟೇ ಅವನು ಕೊಡುತ್ತಿದ್ದದ್ದು, ಒಂದು ಸಾಲು, ಕೆಲವು ದಿನ ಅದೂ ಇಲ್ಲ. ಮೊದಲಿನ ತಿಂಗಳಿನ ಹಾಗೆ ಅಲ್ಲ. ನಾನು ಕೇಳಿದ್ದೂ ಇಲ್ಲ.

ಪ್ರಾಕ್ಟಿಕಲ್‌ಗೆ ಹೊರಗಿನಿಂದ ಒಬ್ಬರು ಮೇಡಂ ನಮ್ಮ ಬಾಲವಾಡಿಗೇ ಬಂದಿದ್ದರು. ನಾನು ತಗ್ಗಿನಲ್ಲಿ ಶುರು ಮಾಡಿದೆ. ಮಕ್ಕಳು ಗುರ್ರೆಂದರು. ಮೇಡಂ ಪೆನ್ನು ಕೆಳಗಿಟ್ಟು, “ಇದು ಮಕ್ಕಳ ಹಾಡೋ ಮುದುಕರ ಹಾಡೋ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು, “ಹೋಟೆಲಿನ ಹಾಡು ಮೇಡಂ. ಈಗ ಟೇಬಲ್ ಹತ್ತಿರ ಇದ್ದೇವೆ, ಇನ್ನು ಅಡಿಗೆಮನೆಗೆ ಹೋಗ್ತೇವೆ” ಎಂದೆ, ಮತ್ತು ಮಕ್ಕಳನ್ನು ಎಬ್ಬಿಸಿ ಕಿಟಕಿಯ ಕಡೆ ನಡೆಸಿದೆ. ನಡೆಯುತ್ತಾ ಅವರ ದನಿ ತಾನಾಗಿ ಏರಿತು, ಕಡಕ್ ಎನ್ನುವಾಗ ಕಿರುಚಿಯೇಬಿಟ್ಟರು. ತಂತಿ ಅವರ ಜೊತೆ ಏರಲಿಲ್ಲ, ಅದು ಕೆಳಗೇ ಉಳಿಯಿತು. ಮೇಡಂ ನಕ್ಕರು. ಆದರೂ ವಾದ್ಯದ ಮಾರ್ಕು ಕಡಿಮೆ ಕೊಟ್ಟರು. ಪಾಸಾದೆ. ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ, ಆದರೆ ಪಾಸು. ನನಗೆ ಪಾಸಾಗುವುದು ಹೇಗೆಂದು ಗೊತ್ತು, ಮೊದಲ ಸಾಲು ಹೇಗಿರುತ್ತದೆ ಎಂದು ಗೊತ್ತಿಲ್ಲ.

ಅದರ ಮುಂದಿನ ವಾರ ಡಾಕ್ಟರು ಅಪ್ಪನ ಗಂಟಲೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರು. ಪರದೆಯ ಮೇಲೆ ನನಗೂ ಕಂಡಿತು. ಒಂದು ಪಟ್ಟಿ ಅಲುಗಾಡುತ್ತಿತ್ತು, ಇನ್ನೊಂದು ಸುಮ್ಮನಿತ್ತು. ಅಲುಗಾಡುವುದು ಸುಮ್ಮನಿರುವುದರ ಕಡೆ ಬಂದು ಬಂದು ಹೋಗುತ್ತಿತ್ತು.

“ಇಷ್ಟೇ,” ಎಂದರು ಡಾಕ್ಟರು. “ಇದಕ್ಕಿಂತ ಹೆಚ್ಚು ಬರುವುದಿಲ್ಲ. ಇರುವುದನ್ನು ಬಳಸಿ.”

“ದಿನಾ ಸ್ವಲ್ಪ ಹಾಡಿಸಿದ್ದೆ. ಅದರಿಂದ ಏನಾದರೂ…?”

“ಹೇಳಲಿಕ್ಕೆ ಬರುವುದಿಲ್ಲ. ಹಾಡದಿದ್ದರೆ ಇಷ್ಟೂ ಬರುತ್ತಿರಲಿಲ್ಲವೋ ಏನೋ. ಹಾಡದಿದ್ದರೂ ಇಷ್ಟೇ ಬರುತ್ತಿತ್ತೋ ಏನೋ.”

ಅಪ್ಪ ಇಬ್ಬರ ಮುಖವನ್ನೂ ನೋಡಿ, ಇಲ್ಲದ ಗಲ್ಲಾಪೆಟ್ಟಿಗೆಯ ಕಡೆ ಬೊಟ್ಟು ಮಾಡಿದ. ಬಿಲ್ಲು ಕೊಡಿ, ಹೊರಡುವ.

ಸರ್ಟಿಫಿಕೇಟು ಈ ಸಲ ಸ್ಟೇಜಿನ ಮೇಲೆಯೇ ಕೊಟ್ಟರು. ಚೆಂಬೂರಿನ ಒಂದು ಶಾಲೆಯ ಹಾಲ್, ಪ್ಲಾಸ್ಟಿಕ್ ಕುರ್ಚಿ, ಹಿಂದೆ ಮಕ್ಕಳು ಬಣ್ಣ ಹಚ್ಚಿದ ಪರದೆ. ಮನೆಯವರನ್ನು ಕರೆತನ್ನಿ ಎಂದಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತ. ಅತ್ತೆಯೂ ಬಂದರು. “ಮನೆ ಹತ್ತಿರ ಆಯ್ತಲ್ಲ, ಅದಕ್ಕೆ ಬಂದದ್ದು” ಎಂದು ನಾನು ಕೇಳದೆಯೇ ಹೇಳಿದರು. ಆದರೆ ತಮ್ಮ ಮಗಳ ಮದುವೆಗೆ ತೆಗೆದ ರೇಷ್ಮೆ ಸೀರೆ ಉಟ್ಟಿದ್ದರು.

ನನ್ನ ಹೆಸರು ಕೂಗಿದರು. ಇಲ್ಲಿನ ಪದ್ಧತಿಯಂತೆ ಮೊದಲು ನನ್ನ ಹೆಸರು, ನಡುವೆ ಅಪ್ಪನ ಹೆಸರು, ಆಮೇಲೆ ಮನೆತನದ್ದು. ಮೈಕಿನಲ್ಲಿ ಅಪ್ಪನ ಹೆಸರು ಹಾಲ್‌ನ ಕೊನೆಯ ತನಕ ಹೋಗಿ ಬಂತು. ಅವನು ಕುರ್ಚಿಯಲ್ಲಿ ನೆಟ್ಟಗಾದ. ನಾನು ಸ್ಟೇಜು ಹತ್ತಿ, ತಗೊಂಡು, ಫೋಟೊಗೆ ನಿಂತು, ಇಳಿದು ನೇರ ಅವನ ಕೈಗೆ ಕೊಟ್ಟೆ. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿ ತಗೊಂಡ. ಬಹಳ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ಅಕ್ಕನಿಗೆ ದಾಟಿಸಿದ.

ಅತ್ತೆ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಅವರಿಗೆ ಇಂಗ್ಲಿಷು ಬರುವುದಿಲ್ಲ.

“ಇದರಲ್ಲಿ ಇವನ ಹೆಸರು ಉಂಟಾ?”

ನಾನು ಬೆರಳಿಟ್ಟು ತೋರಿಸಿದೆ. ಅತ್ತೆ ಆ ಜಾಗವನ್ನು ನೋಡಿದರು. ಹುಟ್ಟಿದ್ದರ, ಸತ್ತದ್ದರ ಮಾತು ಎತ್ತಲಿಲ್ಲ. ಸರ್ಟಿಫಿಕೇಟನ್ನು ತಮ್ಮನ ತೊಡೆಯ ಮೇಲೆ ವಾಪಸ್ ಇಟ್ಟರು.

“ಓದು. ನಿನ್ನ ಹೆಸರು ನೀನೇ ಓದು.”

ಅಪ್ಪ ಅಂಗೈ ಅಡ್ಡ ಆಡಿಸಿದ. ಅತ್ತೆ ಆ ಕೈಯನ್ನು ಹಿಡಿದು ಕೆಳಗಿಟ್ಟರು. ಸುತ್ತ ಚಪ್ಪಾಳೆ, ಮುಂದಿನವರ ಹೆಸರು, ಕುರ್ಚಿ ಎಳೆಯುವ ಸದ್ದು. ಅಪ್ಪ ಒಮ್ಮೆ ನನ್ನ ಕಡೆ ನೋಡಿದ. ನನ್ನ ಕೈಯಲ್ಲಿ ಯುಕುಲೆಲೆ ಇರಲಿಲ್ಲ, ಮೀಟಿ ಕೊಡಲು ತಂತಿ ಇರಲಿಲ್ಲ. ಅವನು ಬಾಯಿ ತೆರೆದ. ಗಾಳಿ ಬಂತು, ಗಾಳಿಯ ನಡುವೆ ಅವನ ಹೆಸರಿನ ಮೊದಲ ಅರ್ಧ ಬಂತು. ಪಕ್ಕದಲ್ಲಿದ್ದ ನನಗೇ ಅದು ಕೇಳಿದ್ದು ಹೌದೋ ಅಲ್ಲವೋ ಎನ್ನುವಷ್ಟು.

ಅತ್ತೆ ತಮ್ಮನ ಬಾಯಿಯ ಹತ್ತಿರ ಕಿವಿ ತಂದರು.

“ಕೇಳುದಿಲ್ಲ ಮಾರಾಯ,” ಎಂದರು. “ಇನ್ನೊಂದು ಸಲ ಹೇಳು.”